ಒಂದೂವರೆ ಗಂಟೆಯ ದಾರಿ

ಮೆಲ್ಬರ್ನಿನಿಂದ ಸಿಡ್ನಿಗೆ ವಿಮಾನದಲ್ಲಿ ಒಂದೂವರೆ ಗಂಟೆ ಅಷ್ಟೇ. ಈ ಮಾತನ್ನು ಅಹಲ್ಯಾ ಏಳು ತಿಂಗಳಿನಿಂದ ಕೇಳಿ ಕೇಳಿ ರೋಸಿಹೋಗಿದ್ದಳು. ಗಂಡನೊಂದಿಗೆ ಮೈಸೂರಿನಿಂದ ಬಂದಿಳಿದ ವಾರದಲ್ಲೇ ಮಕ್ಕಳಿಬ್ಬರೂ ಅಪ್ಪ ಅಮ್ಮನನ್ನು ಪಾಲು ಮಾಡಿಕೊಂಡಿದ್ದರು. ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಮಗ ಸುಮುಖನ ಕೂಸನ್ನು ನೋಡಿಕೊಳ್ಳಲು ಅಮ್ಮ. ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಮಗಳು ಅನಘಾಳ ಮಗು ಆದ್ಯಾಳನ್ನು ಶಾಲೆಯಿಂದ ಕರೆತರಲು ಅಪ್ಪ. ಯಾವಾಗ ಬೇಕಾದರೂ ಹೋಗಿಬರಬಹುದು ಎಂದಿದ್ದರು. ಆ ‘ಯಾವಾಗ’ ಒಮ್ಮೆಯೂ ಬರಲಿಲ್ಲ. ನಲವತ್ತೊಂದು ವರ್ಷ ಜೊತೆಗಿದ್ದವರು ಫೋನಿನಲ್ಲಿ ‘ಊಟ ಆಯ್ತಾ’ ಎನ್ನುವುದಕ್ಕೆ ಬಂದು ಮುಟ್ಟಿದ್ದರು.

ಈಗ ಇಬ್ಬರನ್ನೂ ಅದಲುಬದಲು ಮಾಡುವುದೆಂದು ಮಕ್ಕಳೇ ಗೊತ್ತುಮಾಡಿದ್ದರು. ನಡುವೆ ನಾಲ್ಕು ದಿನವಾದರೂ ಗಂಡನ ಜೊತೆ ಇರಬಹುದೆಂದು ಅಹಲ್ಯಾ ಕೋಡುಬಳೆ ಕರಿದು ಡಬ್ಬಿಗೆ ತುಂಬಿಕೊಂಡಳು. ಏರ್‌ಪೋರ್ಟಿನ ದಾರಿಯಲ್ಲಿ ಸುಮುಖ ಬಾಯಿಬಿಟ್ಟ.

“ಟೈಮಿಂಗ್ ನೋಡಮ್ಮ. ನಿನ್ನ ಫ್ಲೈಟೂ ಒಂಬತ್ತಕ್ಕೆ, ಅಪ್ಪಂದೂ ಒಂಬತ್ತಕ್ಕೆ. ನೀನು ಅಲ್ಲಿ ಇಳಿಯೋ ಹೊತ್ತಿಗೆ ಅಪ್ಪ ಇಲ್ಲಿ. ಮಕ್ಕಳನ್ನ ನೋಡ್ಕೊಳ್ಳೋಕೆ ಒಂದು ದಿನಾನೂ ಗ್ಯಾಪ್ ಇಲ್ಲ!”

“ಹಂಗಾದ್ರೆ ನಾವಿಬ್ರೂ ಸಿಗೋದು?”

“ವಿಡಿಯೋ ಕಾಲ್ ಇದ್ಯಲ್ಲ. ದೂರ ಏನು, ಒಂದೂವರೆ ಗಂಟೆ ಅಷ್ಟೇ.”

ಖಾಲಿ ಸಿಲಿಂಡರ್ ಕೊಟ್ಟು ತುಂಬಿದ್ದನ್ನು ಇಳಿಸಿಕೊಳ್ಳುವ ಹಾಗೆ ಹೆತ್ತವರನ್ನು ಸಾಗಿಸುವ ಇವನು ತನ್ನ ಹೊಟ್ಟೆಯಲ್ಲೇ ಹುಟ್ಟಿದವನೇ? ಸಾಕಿದ ತನ್ನ ಮೇಲೇ ಅಹಲ್ಯಾಳಿಗೆ ಹೇಸಿಗೆಯಾಯಿತು. ಸುಮುಖ ಕಾರಿನಿಂದ ಇಳಿಯಲೂ ಇಲ್ಲ. ಅವಳನ್ನು ಬಾಗಿಲಲ್ಲಿ ಬಿಟ್ಟು, ಅಪ್ಪನಿಗಾಗಿ ಕಾಯಲು ಮುಂದೆ ಹೋದ.

ತಪಾಸಣೆ ಮುಗಿಸಿ ಗೇಟಿನೆದುರು ಕೂತಳು. ಎಲ್ಲರೂ ಹತ್ತಿದ ಮೇಲೆ ಅವಳ ಹೆಸರನ್ನು ಸೊಟ್ಟಸೊಟ್ಟಗೆ ಎರಡು ಸಲ ಕೂಗಿದರು. ಏಳಲಿಲ್ಲ. ವಿಮಾನ ಅವಳನ್ನು ಬಿಟ್ಟು ಹೋಯಿತು. ಸಿಡ್ನಿಯಿಂದ ಹೊರಟ ವಿಮಾನ ಯಾವ ಗೇಟಿಗೆ ಬರುತ್ತದೆಂದು ವಿಚಾರಿಸಿ, ಪುಟ್ಟ ಸೂಟ್‌ಕೇಸು ಎಳೆದುಕೊಂಡು ಅಲ್ಲಿ ಹೋಗಿ ನಿಂತಳು.

ಹತ್ತೂವರೆಗೆ ಸತ್ಯನಾರಾಯಣ ತಲೆ ತಗ್ಗಿಸಿಕೊಂಡು ಹೊರಬಂದರು. ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟು ಸೊರಗಿದ್ದರು. ಹೆಂಡತಿಯನ್ನು ಕಂಡು ಗಕ್ಕನೆ ನಿಂತರು.

“ನೀನು ಹೋಗ್ಲಿಲ್ವೇನೇ?”

“ಹಿಂಗೆ ಮಾಡಿದ್ದಾರೇಂತ ನಿಮಗೆ ಗೊತ್ತಿತ್ತಾ?”

“ಬೆಳಗ್ಗೆ ಅನಘಾ ಹೇಳಿದ್ಲು.”

“ಮತ್ತೆ ಯಾಕ್ರೀ ಹತ್ತಿದ್ರಿ?”

“ಟಿಕೆಟ್ ಬುಕ್ ಆಗಿತ್ತಲ್ಲೇ...”

ಥೂ, ಇದೂ ಒಂದು ಗಂಡಸೇ ಎನ್ನಿಸಿತು. ಬೈಯುತ್ತಲೇ ಅವರನ್ನು ಕುರ್ಚಿಗೆ ಕೂರಿಸಿ, ಡಬ್ಬಿಯ ಮುಚ್ಚಳ ತೆಗೆದಳು. ಸತ್ಯನಾರಾಯಣ ಕೋಡುಬಳೆ ಮುರಿದರು, ಬಾಯಿಗೆ ಹಾಕಿಕೊಳ್ಳಲಾಗದೆ ಅತ್ತರು.

ಅಷ್ಟರಲ್ಲಿ ಅನಘಾಳ ಫೋನು. “ಅಮ್ಮಾ, ಎಲ್ಲಿದೀಯಾ? ಎಲ್ರೂ ಇಳಿದು ಹೋದ್ರು, ನೀನೇ ಇಲ್ಲ! ನಂಗೆ ಡ್ಯೂಟಿಗೆ ಹೊತ್ತಾಯ್ತು. ಮೂರು ಗಂಟೆಗೆ ಆದ್ಯಾನ ಯಾರು ಕರ್ಕೊಂಡ್ ಬರೋದು?”

“ನಾನು ಮೆಲ್ಬರ್ನಲ್ಲೇ ಇದೀನಿ, ನಿಮ್ಮಪ್ಪನ ಜೊತೆ. ನಮ್ಮನ್ನ ನೋಡ್ಬೇಕು ಅನ್ಸಿದ್ರೆ ನೀನೇ ಬಾ ತಾಯಿ. ದೂರ ಏನು, ಒಂದೂವರೆ ಗಂಟೆ ಅಷ್ಟೇ.”

ಫೋನ್ ಆರಿಸಿ ಗಂಡನ ಪಕ್ಕದಲ್ಲಿ ಕೂತಳು.