ಅತಿಥಿಯನ್ನು ಲೆಕ್ಕಕ್ಕೆ ಹಿಡಿಯದ ಜನರೇಟರ್

ದಹಾಮನ ತಾಯಿ ವತ್ಫಾಳ ಹಟ ಮರುಭೂಮಿಯಂಚಿನ ಸಮಾವಾ ಊರಿಗೆಲ್ಲ ಗೊತ್ತು. ಆ ಚಳಿಗಾಲ ಮಳೆ ಚೆನ್ನಾಗಿ ಬಿದ್ದು, ಮರುಭೂಮಿಯ ಕಡೆ ನಾಲ್ಕು ಸಲ ಗುಡುಗಿದ್ದೇ ತಡ, ಮುದುಕಿ ಹಾಸಿಗೆಯ ಮೇಲೆ ಎದ್ದು ಕೂತು, "ಈ ಸಲ ಚಿಮಾ ಅಗೆಯೋಕೆ ನಾನೂ ಬರ್ತೀನಿ," ಎಂದುಬಿಟ್ಟಳು. ಗುಡುಗಿಗೆ ಮರಳಿನೊಳಗೆ ಹುಟ್ಟುವ ಆ ಅಣಬೆಯನ್ನು ಅವಳಂತೆ ಪತ್ತೆಹಚ್ಚುವವರು ಸುತ್ತಮುತ್ತ ಯಾರೂ ಇರಲಿಲ್ಲ, ಒಪ್ಪೋಣ. ಆದರೆ ಅದು ಎದೆಗೂಡು ಗಟ್ಟಿಯಿದ್ದ ಕಾಲದ ಮಾತು. ಈಗ ಮೂಗಿಗೆ ನಳಿಗೆ, ಮಗ್ಗುಲಲ್ಲಿ ಪುಸ್ ಪುಸ್ ಎನ್ನುವ ಆಕ್ಸಿಜನ್ ಮಷೀನು. ಕಾಲು ಗಂಟೆ ಅದು ನಿಂತರೆ ತುಟಿ ನೀಲಿಗೆ ತಿರುಗುತ್ತಿತ್ತು.

"ಅಮ್ಮಾ, ಮರುಭೂಮೀಲಿ ಕರೆಂಟು ನಿಮ್ಮಪ್ಪ ತಂದಿಟ್ಟಿದಾನಾ?" ಎಂದು ದಹಾಮ್ ರೇಗಿದ.

"ನಮ್ಮಪ್ಪ ಒಂಟೆ ಇಟ್ಟಿದ್ದ. ಕರೆಂಟು ತರೋದು ನಿನ್ನ ಕೆಲಸ."

ಇದಕ್ಕೆ ಏನು ಹೇಳುತ್ತೀರಿ? ಹುಟ್ಟಿದ್ದು ಗುಡಾರದಲ್ಲಿ, ಬೆಳೆದದ್ದು ಕುರಿಮಂದೆಯ ಹಿಂದೆ. ಊರು ಸೇರಿ ಇಟ್ಟಿಗೆ ಭಟ್ಟಿಯ ಹೊಗೆ ಕುಡಿದು ಎದೆ ಹಾಳಾಯಿತು. ಇನ್ನೊಂದೇ ಒಂದು ಸಲ ಆ ಮರಳನ್ನು ಕಾಣಬೇಕು ಎನ್ನುವವಳಿಗೆ ಬೇಡವೆನ್ನಲು ದಹಾಮನಿಗೆ ಬಾಯಿ ಬರಲಿಲ್ಲ. ಡಾಕ್ಟರನ್ನು ಕೇಳಿದರೆ ಅವರು ಎರಡೇ ಮಾತು ಹೇಳಿದರು: ಮಷೀನು ನಿಲ್ಲಬಾರದು, ಹತ್ತಿರ ಬೆಂಕಿಯಾಗಲಿ ಹೊಗೆಯಾಗಲಿ ಕೂಡದು.

ಮನೆಯಲ್ಲೂ ಕರೆಂಟಿನದು ನಾಯಿಪಾಡೇ. ಸರ್ಕಾರದ್ದು ಹೋದರೆ ಬೀದಿಯ ಜನರೇಟರಿನ ತಂತಿ, ಅದೂ ಕೈಕೊಟ್ಟರೆ ಹಿತ್ತಲಿನ ಕೆಂಪು ಜನರೇಟರ್. ಅದರ ಅಬ್ಬರಕ್ಕೆ ಪಕ್ಕದ ಮನೆಯ ಕೂಸು ಬೆಚ್ಚಿಬೀಳುತ್ತಿತ್ತು. ಏರುಪೇರಿನ ಕರೆಂಟು ಕೊಟ್ಟು ಅಮ್ಮನ ಹಳೆಯ ಮಷೀನನ್ನು ಸುಟ್ಟು ಹಾಕಿದ ಪುಣ್ಯಾತ್ಮನೂ ಅದೇ. ಬಿಡಾರಕ್ಕೂ ಆಗಬೇಕು, ಮನೆಗೂ ಆಗಬೇಕು, ಅಂಥದ್ದೊಂದನ್ನು ಕೊಳ್ಳಲೇಬೇಕಿತ್ತು.

ಅಬು ಕೌಸರನ ಅಂಗಡಿಯ ಮುಂದೆ ದಹಾಮ್ ತನ್ನ ವ್ಯಾನು ನಿಲ್ಲಿಸಿದ. ಬಾಡಿಗೆಗೆ ಓಡಿಸುವ ವ್ಯಾನು ಅದು. ಹಿಂದಿನ ಸೀಟಿನಲ್ಲಿ ಅಮ್ಮ, ಅವಳ ಕಾಲ ಬಳಿ ದಾರಿಗೆಂದು ಇಟ್ಟುಕೊಳ್ಳುವ ಸಣ್ಣ ಸಿಲಿಂಡರು, ಪಕ್ಕದಲ್ಲಿ ಹೆಂಡತಿ ಸಹೀಲಾ.

"ಏನೇನು ಹಾಕ್ತೀಯ, ಅದನ್ನ ಮೊದಲು ಹೇಳು," ಎಂದ ಅಬು ಕೌಸರ್. "ವಾಟ್ ಕೂಡಿಸದೆ ಜನರೇಟರ್ ಕೊಳ್ಳೋಕೆ ಬರೋರನ್ನ ಕಂಡ್ರೆ ನಂಗೆ ಮೈಯೆಲ್ಲ ಉರಿಯುತ್ತೆ."

"ಅಮ್ಮನ ಮಷೀನು. ಎರಡು ಬಲ್ಬು. ಫೋನು. ಅಷ್ಟೇ ಕಣಯ್ಯ."

ಅಬು ಕೌಸರ್ ಎರಡನ್ನು ಎಳೆದು ತಂದ. ಒಂದು ಚಿಕ್ಕದು, ಹಿಡಿಕೆ ಹಿಡಿದು ಒಂದೇ ಕೈಯಲ್ಲಿ ಎತ್ತುವಂಥದ್ದು, ಹದಿನೆಂಟು ನೂರು ವಾಟಿನದು. ಇನ್ನೊಂದು ಅದರ ಎರಡರಷ್ಟು, ಚಕ್ರದ ಮೇಲೆ ಉರುಳುವಂಥದ್ದು. "ಎರಡೂ ಇನ್ವರ್ಟರ್ ಜಾತಿಯ ಜನರೇಟರೇ. ಕರೆಂಟು ಏರಲ್ಲ, ಇಳಿಯಲ್ಲ, ನಿಮ್ಮಮ್ಮನ ಮಷೀನು ನೂರು ವರ್ಷ ಬಾಳುತ್ತೆ. ಭಾರ ಹೆಚ್ಚಾದ್ರೆ ಕೆಂಪು ದೀಪ ಹತ್ತಿ ತಾನೇ ಕೊಡೋದು ನಿಲ್ಲಿಸುತ್ತೆ. ಚಿಕ್ಕದು ಪೆಟ್ರೋಲೂ ಕಮ್ಮಿ ಕುಡಿಯುತ್ತೆ."

"ದೊಡ್ಡದೇ ಇರಲಿ," ಎಂದಳು ಸಹೀಲಾ. "ಬಂದು ಹೋಗೋರಿಗೆ ಬೇಕಾಗುತ್ತೆ."

"ಮರಳುಗಾಡಿಗೆ ಯಾರು ಬರ್ತಾರೆ ಮಾರಾಯ್ತಿ? ಹಾಸಿಗೆ ಇದ್ದಷ್ಟು ಕಾಲು ಚಾಚೋಣ."

"ಗುಡಾರ ಹಾಕಿದ ಕಡೆ ಜನ ಬರ್ದೇ ಇರ್ತಾರಾ? ನೀನು ಅಮ್ಮನ ಮಗ ಹೌದೋ ಅಲ್ವೋ!"

ಜಗಳ ಬೀದಿಗೆ ಬರುವ ಮೊದಲು ವ್ಯಾನಿನ ಕಿಟಕಿಯಿಂದ ವತ್ಫಾ ಕೂಗಿದಳು, "ಎರಡನ್ನೂ ಚಾಲೂ ಮಾಡ್ರೋ, ಕೇಳೋಣ." ದೊಡ್ಡದಕ್ಕೆ ಅವಳು ಮೂಗು ಮುರಿದಳು. ಚಿಕ್ಕದು ಸಣ್ಣಗೆ ಗುನುಗಿದಾಗ ಕಣ್ಣು ಮುಚ್ಚಿ ಕೇಳಿ, "ಇದು ಮಾತಾಡೋರ ಬಾಯಿ ಮುಚ್ಚಿಸಲ್ಲ. ಇದೇ ಇರಲಿ," ಎಂದಳು. ಅಲ್ಲಿಗೆ ಮುಗಿಯಿತು. ಸಹೀಲಾ ಮಾತ್ರ ಹೊರಡುವ ದಿನ ಮನೆಯ ಕರೆಂಟು ಹೀಟರನ್ನು ಕಂಬಳಿಗಳ ನಡುವೆ ತುರುಕುವುದನ್ನು ಮರೆಯಲಿಲ್ಲ.

ಬಿಡಾರದ ಮೊದಲ ದಿನಗಳು ಸುಖವಾಗಿಯೇ ಕಳೆದವು. ಗುಡಾರದಿಂದ ದೂರ, ಗಾಳಿ ಆ ಕಡೆ ಒಯ್ಯುವಂತೆ ಜನರೇಟರ್ ಇಟ್ಟಿದ್ದರು. ಅಡುಗೆಗೆ ಬೇರೆ ಪುಟ್ಟ ಗುಡಾರ, ಅದೂ ದೂರವೇ. ಸಣ್ಣ ಸಿಲಿಂಡರನ್ನು ಊರಿಗೆ ಮರಳುವ ದಾರಿಗೆಂದು ವ್ಯಾನಿನಲ್ಲೇ ಬಿಟ್ಟಿದ್ದರು. ಉದ್ದನೆಯ ನಳಿಗೆ ಎಳೆದುಕೊಂಡು ವತ್ಫಾ ಬಾಗಿಲ ಬಳಿ ಕೂತು, ಬಿರುಕುಬಿಟ್ಟ ಮರಳನ್ನು ಕೋಲಿನಿಂದ ತೋರಿಸುವಳು. ಮಗ ಅಗೆದರೆ ಅಲ್ಲಿ ಚಿಮಾ! "ಇಷ್ಟು ವರ್ಷ ಊರಲ್ಲಿ ಏನು ಕಡಿದು ಗುಡ್ಡೆ ಹಾಕ್ದೆ ನಾನು," ಎಂದು ನಗುವಳು. ಅವಳ ಕೆನ್ನೆಗೆ ಬಣ್ಣ ಬಂದದ್ದನ್ನು ನೋಡಿ ದಹಾಮ್ ಇನ್ನೊಂದು ಕಡೆ ಅಗೆಯತೊಡಗುವನು.

ಒಂದು ಸಂಜೆ, ಬಡಗಣ ಗಾಳಿ ಎದ್ದು ಚಳಿ ಎಲುಬಿಗೆ ಇಳಿಯುತ್ತಿದ್ದ ಹೊತ್ತಿಗೆ, ಪಿಕಪ್ಪೊಂದು ಬಂದು ನಿಂತಿತು. ಇಳಿದವನು ವತ್ಫಾಳ ಅಣ್ಣ ಮಿಶಾನ್. ಈಗಲೂ ಮಂದೆಯ ಜೊತೆ ಮರಳಲ್ಲೇ ಬದುಕುವ ಮುದುಕ, ನಾಲಿಗೆ ಚೂರಿ. ಜೊತೆಗೆ ಬೇರೆ ಕುಲದ ಇಬ್ಬರು ಕುರಿಗಾಹಿಗಳು.

ಪಿಕಪ್ಪಿನ ಸದ್ದಿಗೇ ವತ್ಫಾ ಮಗನ ತೋಳು ಹಿಡಿದಿದ್ದಳು. "ನನ್ನ ಮಷೀನಿನ ವಿಷಯ ಅವನ ಹತ್ರ ಬಾಯಿ ಬಿಟ್ಟೆ ಅಂದ್ರೆ ನೋಡು! ಬಂದವರ ಮುಂದೆ ಮನೆಯ ಕಾಯಿಲೆ ಹೇಳ್ಕೋಬಾರದು. ಗೊತ್ತಾದ್ರೆ ಕಾಫೀನೂ ಕುಡಿಯದೆ ಎದ್ದು ಹೋಗ್ತಾನೆ." ನಳಿಗೆ ತೆಗೆದು, ಮಷೀನಿನ ಮೇಲೆ ರಜಾಯಿ ಎಸೆದಳು. ಅಣ್ಣ ಒಳಬಂದು ತಲೆಗೆ ಮುತ್ತಿಟ್ಟು ಹೊರಹೋದ ಮೇಲೆ ಮತ್ತೆ ನಳಿಗೆ ಸಿಕ್ಕಿಸಿಕೊಂಡಳು. ಹೊರಗಿನ ಗಂಡಸರಿದ್ದ ಕಾರಣ ನಡುವೆ ಪರದೆ ಬಿತ್ತು. ಈಚೆ ಅತಿಥಿಗಳು, ಆಚೆ ಅವಳು.

ಮಿಶಾನ್ ಕೂತವನೇ ಸುತ್ತ ನೋಡಿದ. ಗುಡಾರದ ನಡುವೆ ಒಲೆಗುಂಡಿ ಇಲ್ಲ, ಕೆಂಡವಿಲ್ಲ. "ಏನೋ ದಹಾಮಾ, ನಿನ್ನ ಗುಡಾರಕ್ಕಿಂತ ಹೊರಗೇ ಬೆಚ್ಚಗಿದೆಯಲ್ಲೋ! ಊರಿನೋರು ಬೆಂಕಿ ಹಚ್ಚೋದನ್ನೂ ಮರೆತ್ರಾ?"

ಕುರಿಗಾಹಿಗಳು ನೆಲ ನೋಡಿ ನಕ್ಕರು. ದಹಾಮನ ಮುಖಕ್ಕೆ ರಕ್ತ ನುಗ್ಗಿತು. ಬೆಂಕಿಯಿಲ್ಲದ ಗುಡಾರ ಎಂದರೆ ಆ ಜನರಲ್ಲಿ ಜಿಪುಣನ ಗುಡಾರ, ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ದೂರದಲ್ಲಿ ಬೆಂಕಿ ಹಾಕಿ ಅಲ್ಲಿ ಕೂರಿಸೋಣವೆಂದರೆ, ಬಂದವರನ್ನು ಗುಡಾರದಿಂದ ಹೊರಗೆ ಕೂರಿಸುವುದು ಕತ್ತು ಹಿಡಿದು ದಬ್ಬಿದ ಹಾಗೆ. ನಿಜ ಹೇಳೋಣವೆಂದರೆ ಅಮ್ಮನ ಕಟ್ಟಪ್ಪಣೆ.

"ಬಂದೆ ಮಾವ," ಎಂದು ಹೀಟರ್ ತಂದು ಸಿಕ್ಕಿಸಿದ. ಸಿಕ್ಕಿಸಿದ್ದೇ ಬಲ್ಬು ಆರಿತು. ಹೊರಗೆ ಓಡಿದರೆ ಜನರೇಟರಿನಲ್ಲಿ ಕೆಂಪು ದೀಪ. ಹೀಟರಿಗೆ ಹದಿನೈದು ನೂರು, ಅಮ್ಮನ ಮಷೀನಿಗೆ ನಾನೂರರ ಹತ್ತಿರ. ಕೂಡಿಸಿದರೆ ಹದಿನೆಂಟು ನೂರನ್ನು ಮೀರುತ್ತದೆ ಎಂದು ಸಣ್ಣ ಮಕ್ಕಳೂ ಹೇಳುತ್ತಾರೆ. ಹೀಟರ್ ಕಿತ್ತು ಮತ್ತೆ ಚಾಲೂ ಮಾಡಿದ. ದೊಡ್ಡದು ಕೊಳ್ಳು ಎಂದ ಹೆಂಡತಿಯ ಮಾತು ಕಿವಿಯಲ್ಲಿ ಕುಟ್ಟಿತು.

"ಬಿಡೋ, ನಮ್ಮ ತುಪ್ಪಳದ ಕೋಟು ಇದೆ," ಎಂದ ಮಿಶಾನ್, ಅಂಗೈ ಉಜ್ಜಿಕೊಳ್ಳುತ್ತ. ಆ 'ಬಿಡೋ' ಇನ್ನೂ ಚುಚ್ಚಿತು.

ಪರದೆಯ ಆಚೆಯಿಂದ ವತ್ಫಾಳ ದನಿ ಬಂತು. "ದಹಾಮಾ, ಇನ್ನೊಂದು ಸಲ ಹಾಕಿ ನೋಡೋ. ಈಗ ಎಳೆಯುತ್ತೆ."

ಹಾಕಿದ. ಎಳೆಯಿತು! ಹೀಟರಿನ ದೀಪ ಹತ್ತಿತು, ಬಲ್ಬು ಅಲ್ಲಾಡಲಿಲ್ಲ. ದಹಾಮನಿಗೆ ಹೋದ ಜೀವ ಬಂದಂತಾಯಿತು. "ನೋಡಿ ಮಾವ, ಚಿಕ್ಕದಾದ್ರೂ ಗಟ್ಟಿಗ," ಎಂದು ಬೀಗಿದ. ಮೊದಲ ಸಲ ತಂತಿ ಸರಿ ಕೂತಿರಲಿಲ್ಲವೇನೋ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮನುಷ್ಯನಿಗೆ ಬೇಕಾದ ಸುಳ್ಳು ಎಷ್ಟು ಬೇಗ ಸಿಗುತ್ತದೆ ನೋಡಿ.

ಸಹೀಲಾ ಅಡುಗೆ ಗುಡಾರದಿಂದ ಕಾಫಿ ಕಳಿಸುವುದಿತ್ತು. ಹೀಟರು ಬಿಸಿಯಾಯಿತು, ಗಂಡಸರ ಮೈ ಸಡಿಲಾಯಿತು, ಮಿಶಾನ್ ಪರದೆಯ ಕಡೆ ಮುಖಮಾಡಿ ತಂಗಿಯನ್ನು ರೇಗಿಸತೊಡಗಿದ.

"ವತ್ಫಾ, ನೆನಪಿದೆಯೇನೇ? ಚಿಮಾ ಅಂದ್ಕೊಂಡು ನೀನು ಒಂಟೆ ಹಿಕ್ಕೆ ತಂದಿದ್ದೆ!"

"ಅದು ನೀನು... ನಾನಲ್ಲ."

"ಸುಳ್ಳಿ! ಅಪ್ಪ ಒಂದು ವಾರ ನಕ್ಕಿದ್ದ."

"ಹೂಂ."

"ಬೇಲಿ ಹಾರಿ ಬಿದ್ದು ಹಲ್ಲು ಮುರ್ಕೊಂಡಿದ್ದು ಯಾರು ಹಾಗಾದ್ರೆ?"

ಉತ್ತರ ಬರಲಿಲ್ಲ. ಅಣ್ಣನಿಗೆ ಒಂದು ಮಾತೂ ಸಾಲ ಉಳಿಸಿಕೊಳ್ಳದ ಹೆಂಗಸು ಸುಮ್ಮನಿದ್ದಾಳೆ. ದಹಾಮ್ ತಲೆ ಎತ್ತಿದ. ಗುಡಾರದಲ್ಲಿ ಏನೋ ಒಂದು ಕಡಿಮೆಯಾಗಿತ್ತು. ಪುಸ್ ಪುಸ್ ಇಲ್ಲ. ಎಷ್ಟು ಹೊತ್ತಿನಿಂದ ಇಲ್ಲ?

ಪರದೆಯನ್ನು ಕಿತ್ತೇ ಎಸೆದ. ವತ್ಫಾ ಗೋಡೆಬಟ್ಟೆಗೆ ಒರಗಿ ಕೂತಿದ್ದಳು. ತುಟಿ ನೀಲಿ, ಕಣ್ಣು ಅರ್ಧ ಮುಚ್ಚಿದೆ, ಮಡಿಲಲ್ಲಿ ಮಷೀನಿನ ಪ್ಲಗ್ಗು. ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಾಳೆ, ಮಗನ ಮಾನ ಉಳಿಸಲಿಕ್ಕೆ!

"ಅಯ್ಯೋ ಅಮ್ಮಾ!"

ದಹಾಮ್ ತಿರುಗಿ ಹೀಟರಿನ ತಂತಿ ಎಳೆದು ಬಿಸಾಡಿದ, ಅತಿಥಿಗಳ ಮುಂದೆಯೇ, ಅವರ ಕಾಲ ಬುಡದಿಂದಲೇ. ಅಮ್ಮನ ಮಷೀನು ಸಿಕ್ಕಿಸಿ, ನಳಿಗೆ ಮೂಗಿಗಿಟ್ಟು, ಬೆನ್ನು ನೀವಿದ. "ಮಾವ, ನಿಮಗೆ ಕೊಡೋಕೆ ನನ್ನ ಹತ್ರ ಬಿಸಿ ಇಲ್ಲ. ಇರೋ ಕರೆಂಟು ಇವಳ ಉಸಿರಿಗೆ ಮಾತ್ರ ಸಾಕು. ಒಳಗೆ ಬೆಂಕಿ ಹಚ್ಚೋ ಹಾಗಿಲ್ಲ. ಬೇಕಾದ್ರೆ ಜಿಪುಣ ಅನ್ನಿ, ಕುಲಗೇಡಿ ಅನ್ನಿ, ನಾಳೆ ಊರೆಲ್ಲ ಹೇಳಿ." ಹೇಳುತ್ತ ಹೇಳುತ್ತ ಅವನಿಗೆ ಅಳು ಬಂತು.

ಮಿಶಾನ್ ಎದ್ದ. ತಂಗಿಯ ಬಳಿ ಕುಕ್ಕರಗಾಲಲ್ಲಿ ಕೂತು ಅವಳ ತುಟಿಯ ಬಣ್ಣ ತಿರುಗುವವರೆಗೂ ಕಣ್ಣು ಕೀಳಲಿಲ್ಲ. "ಕತ್ತೆ," ಎಂದ ಕೊನೆಗೆ, ದನಿ ಒಡೆದು. "ನಿನ್ನ ಉಸಿರಲ್ಲಿ ಮೈ ಕಾಯಿಸ್ಕೊಂಡು ಕೂರೋಕೆ ಬಂದಿದ್ನೇನೇ ನಾನು?" ಎದ್ದು ಹೊರಟೇಬಿಟ್ಟ. ಕುರಿಗಾಹಿಗಳೂ ಅವನ ಹಿಂದೆ ನಡೆದರು. ಕಾಫಿ ಹಿಡಿದು ಬಂದ ಸಹೀಲಾ ಬಾಗಿಲಲ್ಲೇ ನಿಂತಳು. ಪಿಕಪ್ಪಿನ ಬಾಗಿಲು ಬಡಿದ ಸದ್ದು ಕೇಳಿಸಿತು.

ಕಾಫಿ ಮುಟ್ಟದೆ ಅತಿಥಿ ಹೋದ. ಅದೂ ಸೋದರಮಾವ. ದಹಾಮ್ ಅಮ್ಮನ ಪಾದದ ಬಳಿ ಕುಸಿದು ಕೂತ. ಅಮ್ಮ ಬದುಕಿದ್ದಾಳೆ, ಅಷ್ಟು ಸಾಕು ಎಂದುಕೊಂಡ. ಆದರೂ ತಲೆ ಎತ್ತಿ ಬಾಗಿಲ ಕಡೆ ನೋಡಲು ನಾಚಿಕೆಯಾಯಿತು.

ಸ್ವಲ್ಪ ಹೊತ್ತಿಗೆ ಸಹೀಲಾ ಕರೆದಳು, "ಇಲ್ಲಿ ಬಾ, ನೋಡು."

ಪಿಕಪ್ ಹೋಗಿರಲಿಲ್ಲ. ದಿಬ್ಬದ ಕೆಳಗೆ, ಹೊಗೆ ಗುಡಾರದತ್ತ ಸುಳಿಯದ ದಿಕ್ಕಿನಲ್ಲಿ, ಅಷ್ಟು ದೂರಕ್ಕೆ ಸರಿದು ನಿಂತಿತ್ತು. ಅದರಿಂದ ಇಳಿಸಿದ ಸೌದೆಯಲ್ಲಿ ಎದೆಯೆತ್ತರದ ಬೆಂಕಿ. ಮರಳುಗಾಡಿನಲ್ಲಿ ದಾರಿಹೋಕರು ಬೆಳಕು ಕಂಡ ಕಡೆ ತಿರುಗುತ್ತಾರೆ. ಆಗಲೇ ಎರಡು ಗಾಡಿಗಳ ದೀಪ ಆ ಬೆಂಕಿಯತ್ತ ಹೊರಳಿದ್ದವು. ಈ ಗುಡಾರದತ್ತ ಯಾರೂ ಬರಲಿಲ್ಲ.

ದಹಾಮ್ ಕಾಫಿಯ ಹೂಜಿ ಹಿಡಿದು ಇಳಿದುಹೋದ. ಮಿಶಾನ್ ಅದನ್ನು ಅವನ ಕೈಯಿಂದ ಕಿತ್ತುಕೊಂಡು ಕೆಂಡದ ಪಕ್ಕ ಇಟ್ಟ.

"ಇಲ್ಲಿ ಬಡಿಸೋನು ನಾನು. ನೀನು ಕೂತ್ಕೋ. ನೀವು ಇಲ್ಲಿರೋವರೆಗೂ ನಿನ್ನ ಗುಡಾರಕ್ಕೆ ಬರೋರೆಲ್ಲ ನನ್ನ ಅತಿಥಿಗಳು. ಅವಳ ಬಾಗಿಲು ಯಾರೂ ತಟ್ಟಲ್ಲ."

"ಮಾವ, ನಾನು ನಿಮ್ಮನ್ನ..."

"ಏಯ್, ಅತಿಥಿ ಬಾಯಿ ಮುಚ್ಕೊಂಡು ಕುಡೀಬೇಕು," ಎಂದು ಮುದುಕ ಮೊದಲ ಬಟ್ಟಲು ತುಂಬಿ, ಹಿರಿಯರಿಗೆ ಕೊಡುವಂತೆ ಬಲಗೈ ಚಾಚಿ, ದಹಾಮನಿಗೇ ಕೊಟ್ಟ.