ಭಾನುವಾರದ ನೀರು

ಮನೆಯನ್ನೂ ನಿಂಬೆ ತೋಟವನ್ನೂ ಕೊಳ್ಳುವ ಮೊದಲು ಮರೀನುಸ್ ಕೇಳಬೇಕಾದ್ದನ್ನೆಲ್ಲ ಕೇಳಿದ್ದ. ಸೂರಿನ ತೊಲೆಗೆ ಗೆದ್ದಲು ಹಿಡಿದಿದೆಯೇ, ದಾರಿ ಯಾರದು, ಎಲ್ಲೆಕಲ್ಲು ಎಲ್ಲಿ, ಮಾರುವ ವಿಧವೆಯ ಬೆನ್ನಿಗೆ ನಾಳೆ ಹಕ್ಕು ಹೇಳಿಕೊಂಡು ಬರುವವರು ಯಾರಾದರೂ ಇದ್ದಾರೆಯೇ. ನೀರಿದೆಯೇ ಎಂದೂ ಕೇಳಿದ್ದ. ‘ಇದೆ, ಜಮೀನಿನ ಜೊತೆಗೇ ಬರುತ್ತೆ’ ಎಂದಿದ್ದಳು ವಿಧವೆ. ಅದು ಸುಳ್ಳಲ್ಲ. ಯಾವ ವಾರದ ನೀರು ಎಂದು ಮಾತ್ರ ಅವನು ಕೇಳಲಿಲ್ಲ. ಸ್ಪೇನಿನ ಆ ಕಣಿವೆಯಲ್ಲಿ ಹುಟ್ಟಿದವರಾದರೆ ಮೊದಲು ಕೇಳುತ್ತಿದ್ದದ್ದೇ ಅದನ್ನು. ನೀರಿಗೆ ವಾರವಿರುತ್ತದೆ ಎಂಬುದು ಅವನ ಕನಸಿನಲ್ಲೂ ಇರಲಿಲ್ಲ.

ಇರುವುದಾದರೂ ಹೇಗೆ? ಅವನೂ ಹೆಂಡತಿ ಕೋಬಾಳೂ ಬೆಳೆದದ್ದು ಹಾಲೆಂಡಿನ ಝೀಲಂಡ್ ಪ್ರಾಂತದ ದ್ವೀಪವೊಂದರಲ್ಲಿ, ಸಮುದ್ರಕ್ಕಿಂತ ತಗ್ಗಿನಲ್ಲಿ, ಕಟ್ಟೆಯ ಮರೆಯಲ್ಲಿ. ಅಲ್ಲಿ ನೀರೆಂದರೆ ಹೊರಗೆ ಹಾಕಬೇಕಾದ ವಸ್ತು. ನಿನ್ನ ಗದ್ದೆಯ ನೀರು ನನ್ನ ಗದ್ದೆಗೆ ಬಂತು ಎಂದು ಜಗಳವಾಡಿದವರುಂಟು. ಬರಲಿಲ್ಲ ಎಂದು ಆಡಿದವರಿಲ್ಲ. ಅಪ್ಪನ ಜಮೀನು ಅಣ್ಣನ ಪಾಲಾಯಿತು. ಮಗಳು ಲೀನಾಳಿಗೆ ಉಬ್ಬಸ. ಒಣಹವೆ ಒಳ್ಳೆಯದು ಎಂದರು ಡಾಕ್ಟರು. ಹಾಗೆ ಹೊರಟಿತು ಸಂಸಾರ.

‘ಅಲ್ಲಿ ನಮ್ಮ ಸಭೆ ಇಲ್ಲವಲ್ಲೋ, ಬೋಧಕರಿಲ್ಲವಲ್ಲೋ’ ಎಂದು ಚರ್ಚಿನ ಹಿರಿಯರು ಎಚ್ಚರಿಸಿದರು.

‘ಹಳೆಯ ಬೋಧನೆಗಳ ಪುಸ್ತಕ ತಗೊಂಡು ಹೋಗ್ತೀನಿ. ಭಾನುವಾರ ಮನೆಯಲ್ಲೇ ಓದ್ತೀನಿ’ ಎಂದ ಮರೀನುಸ್.

ಬಂದ ವರ್ಷ ವಸಂತದ ಮಳೆ ಚೆನ್ನಾಗಿತ್ತು. ಲೀನಾ ಉಬ್ಬಸವಿಲ್ಲದೆ ಓಡಾಡಿದಳು. ಬೇಸಿಗೆ ಕಾಲಿಡುವ ಹೊತ್ತಿಗೆ ಒಂದು ಶನಿವಾರ ಸಂಜೆ ನೀರುಗಂಟಿ ಆನ್ಸೆಲ್ಮೊ ಸಲಿಕೆ ಹೆಗಲ ಮೇಲಿಟ್ಟುಕೊಂಡು ಅಂಗಳಕ್ಕೆ ಬಂದ.

‘ಯಜಮಾನ್ರೇ, ನಾಳೆಯಿಂದ ಸರದಿ ಶುರು. ಚರ್ಚಿನ ಮೊದಲ ಗಂಟೆ ಹೊಡೆದ ಮೇಲೆ ತೂಬಿನ ಹಲಗೆ ಎತ್ತಿ. ಊಟದ ಹೊತ್ತಿನವರೆಗೂ ನೀರು ನಿಮ್ಮದೇ.’

‘ನಾಳೆ ಭಾನುವಾರ’ ಎಂದ ಮರೀನುಸ್.

‘ಹೌದಲ್ಲ, ಭಾನುವಾರವೇ. ನಮ್ಮಜ್ಜನ ಕಾಲದಲ್ಲೂ ಈ ತೋಟಕ್ಕೆ ಭಾನುವಾರವೇ.’

‘ಭಾನುವಾರ ನಾವು ಕೆಲಸ ಮಾಡಲ್ಲ.’

‘ಕೆಲಸ ನೀರು ಮಾಡುತ್ತೆ. ನೀವು ಹಲಗೆ ಎತ್ತಿ ನೆರಳಲ್ಲಿ ಕೂತ್ಕೊಳ್ಳಿ!’ ಆನ್ಸೆಲ್ಮೊ ನಕ್ಕ. ಎದುರಿಗಿದ್ದವನು ನಗಲಿಲ್ಲ.

‘ಬೇರೆ ದಿನ ಕೊಡಿ.’

‘ಯಾರದ್ದನ್ನ ಕಿತ್ತು ಕೊಡ್ಲಿ? ಮೇಲಿಂದ ಕೆಳಕ್ಕೆ ಒಂದೊಂದು ದಿನಕ್ಕೂ ಒಡೆಯರಿದ್ದಾರೆ. ಒಬ್ಬರನ್ನ ಅಲ್ಲಾಡಿಸಿದ್ರೆ ಎಲ್ಲರೂ ಅಲ್ಲಾಡ್ತಾರೆ. ಜನವರಿಯಲ್ಲಿ ಕಾಲುವೆಯವರ ಸಭೆ ಇದೆ, ಅಲ್ಲಿ ಕೇಳಿ. ದೇವರು ಎಂಟನೇ ದಿನ ಅಂತ ಒಂದು ಮಾಡಿದ್ದಿದ್ರೆ ನಿಮಗೇ ಬರೆದುಕೊಡ್ತಿದ್ದೆ.’

ಮರುದಿನ ಮೊದಲ ಗಂಟೆ ಹೊಡೆಯಿತು. ಮರೀನುಸ್ ಕಪ್ಪು ಕೋಟು ತೊಟ್ಟು, ಮೇಜಿನ ತುದಿಯಲ್ಲಿ ಕುಳಿತು ಓದತೊಡಗಿದ. ಕಿಟಕಿಯ ಕೆಳಗೇ ಕಾಲುವೆ. ನೀರು ಬಂದ ಸದ್ದು ಕೋಬಾಳಿಗೆ ಕೇಳಿಸಿತು. ಅದು ಅವರ ಮುಚ್ಚಿದ ತೂಬಿನ ಮುಂದೆ ಹಾದು, ಕೆಳಗಿನ ದಮಿಯಾನನ ತೋಟಕ್ಕೆ ಹೋಯಿತು. ಒಬ್ಬರು ಬಳಸದೆ ಬಿಟ್ಟ ಸರದಿ ಕೆಳಗಿನವನಿಗೆ. ಅದು ಅಲ್ಲಿನ ಕಟ್ಟಳೆ.

ವಾರದ ದಿನಗಳಲ್ಲಿ ಮರೀನುಸ್ ಸುಮ್ಮನೆ ಕೂರಲಿಲ್ಲ. ಹೊಳೆಯಿಂದ ಪೀಪಾಯಿಗಳಲ್ಲಿ ನೀರು ಹೇರಿ ತಂದು ಪಾತಿ ಪಾತಿಗೆ ಸುರಿದ. ಸೊಂಟ ಹಿಡಿದುಕೊಂಡಿತು. ಆದರೂ ನೆಲದ ಮೇಲ್ಪದರ ತೊಯ್ದಿತೇ ಹೊರತು ಬೇರಿನ ಬಾಯಿಗೆ ಮುಟ್ಟಲಿಲ್ಲ. ಎಲೆಗಳು ದೋಣಿಯ ಹಾಗೆ ಮುದುರಿಕೊಂಡವು. ಗೋಲಿಯಷ್ಟಾದ ಕಾಯಿಗಳು ಉದುರತೊಡಗಿದವು. ಇದ್ದಬದ್ದದ್ದೆಲ್ಲ ಮಾರಿ ಕೊಂಡ ತೋಟ ಅದು. ಅದು ಒಣಗಿದರೆ ಆ ಸಂಸಾರಕ್ಕೆ ಆ ನೆಲದಲ್ಲೂ ಅನ್ನವಿಲ್ಲ, ಹಿಂದಿನ ನೆಲದಲ್ಲೂ ಇಲ್ಲ.

ಪಕ್ಕದ ತೋಟದ ಮುದುಕಿ ಕಸಿಲ್ದಾ ಬೇಲಿಯ ಹತ್ತಿರ ಬಂದು ನಿಂತಳು.

‘ಅಲ್ಲ ಮಗಳೇ, ನಿನ್ನ ಗಂಡನ ಕೈ ಮಡಿ, ಸರಿ. ನನ್ನ ಕೈ ಏನಾಗಿದೆ? ನಾನು ಎತ್ತಿಬಿಡ್ತೀನಿ ಹಲಗೆ. ನಿಮ್ಮ ದೇವರು ಕೋಪ ಮಾಡಿಕೊಂಡ್ರೆ ನನ್ನ ಮೇಲೆ ಮಾಡ್ಕೊಳ್ಳಲಿ. ನನ್ನ ಮೇಲೆ ಹೇಗೂ ಬೇಕಾದಷ್ಟಿದೆ, ಇದೊಂದು ಹೆಚ್ಚಾಗಲ್ಲ.’

ಕೋಬಾ ನಕ್ಕಳು, ಗಂಡನಿಗೆ ಹೇಳಿದಳು. ಅವನು ಬೇಡವೆಂದು ತಲೆಯಾಡಿಸಿದ. ‘ನಮ್ಮ ಬಾಗಿಲೊಳಗಿನ ಪರದೇಶಿ ಕೈಯಲ್ಲೂ ಆ ದಿನ ಕೆಲಸ ಮಾಡಿಸಬಾರದು ಅಂತಲೇ ದೇವರ ಆಜ್ಞೆ ಇರೋದು, ಕೋಬಾ.’

‘ಪರದೇಶಿಗಳು ನಾವು ಕಣ್ರೀ, ಅವಳಲ್ಲ.’

ಅವನು ಖಾಲಿ ಪೀಪಾಯಿಯ ಕಡೆ ತಿರುಗಿದ. ಅವಳು ಬಿಡಲಿಲ್ಲ.

‘ಅಪ್ಪನ ಮನೇಲಿ ಭಾನುವಾರ ನೀವೇ ಹಸು ಕರೀತಿದ್ರಲ್ಲ?’

‘ಕರೀದಿದ್ರೆ ಕೆಚ್ಚಲು ಬಿಗಿದು ಹಸು ನರಳುತ್ತೆ. ಅದು ಕರುಣೆಯ ಕೆಲಸ.’

‘ಮರ ನರಳಲ್ವಾ?’

‘ಮರಕ್ಕೆ ನೀರು ಬಿಡೋದು ನಮ್ಮ ಲಾಭಕ್ಕೆ.’

‘ಹಾಲು ನೆಲಕ್ಕೆ ಚೆಲ್ತಿದ್ರಾ?’

ಅವನು ಸಿಟ್ಟಾಗಲಿಲ್ಲ. ಅವನಿಗೆ ಸಿಟ್ಟು ಬರುವುದೇ ಅಪರೂಪ. ಕೈಗಳನ್ನು ನೋಡಿಕೊಳ್ಳುತ್ತ, ‘ನನಗೂ ಆಸೆ ಆಗುತ್ತೆ. ಅದಕ್ಕೇ ಹೆದರ್ತೀನಿ. ಇಷ್ಟು ಆಸೆಯಾಗೋ ಕೆಲಸಕ್ಕೆ ಕರುಣೆ ಅಂತ ಹೆಸರಿಟ್ಟರೆ, ನಾನು ಸುಳ್ಳು ಹೇಳ್ತಿದ್ದೀನಾ ಇಲ್ವಾ ಅಂತ ನನಗೇ ಗೊತ್ತಾಗಲ್ಲ’ ಎಂದ.

ಆಗಸ್ಟಿನ ಒಂದು ಭಾನುವಾರ. ಅವನು ಓದುತ್ತಿದ್ದ, ಲೀನಾ ಕಾಲು ಜೋಲಾಡಿಸದೆ ಕುಳಿತಿದ್ದಳು. ಕಾಲುವೆಗೆ ನೀರು ಬಂತು. ಕೋಬಾ ಎದ್ದಳು. ಒಲೆಯ ಕಡೆ ಹೋಗುವ ನೆಪವೂ ಇರಲಿಲ್ಲ. ಭಾನುವಾರದ ಸಾರನ್ನು ಶನಿವಾರವೇ ಮಾಡಿಡುವ ಮನೆ ಅದು. ಅವಳು ಸುಮ್ಮನೆ ಎದ್ದು ಬಾಗಿಲು ದಾಟಿದಳು. ಹಿಂದೆ ಗಂಡನ ಸ್ವರ ಒಂದು ಗಳಿಗೆ ನಿಂತು, ಮತ್ತೆ ಓದಿಗೆ ಹತ್ತಿತು.

ಹಲಗೆ ಬಿಗಿದುಕೊಂಡಿತ್ತು. ಎರಡೂ ಕೈಯಲ್ಲಿ ಅಲುಗಿಸಿ ಎಳೆದಳು. ನೀರು ಒಮ್ಮೆ ತಡವರಿಸಿ, ಒಳಕ್ಕೆ ಹೊರಳಿತು. ಒಣಗಿದ ಮಣ್ಣು ಅದನ್ನು ಕುಡಿದ ಸದ್ದು ಹಸುಗೂಸು ಮೊಲೆ ಹಿಡಿದ ಸದ್ದಿನಂತಿತ್ತು. ಅವಳು ಪಾತಿಯಿಂದ ಪಾತಿಗೆ ದಾರಿ ಬಿಡಿಸುತ್ತ, ಬರಿಗಾಲಲ್ಲಿ ಕೆಸರಲ್ಲಿ ನಡೆದಳು. ಅಳು ಬಂತು. ಆದರೆ ಅದು ಪಶ್ಚಾತ್ತಾಪದ ಅಳುವಲ್ಲ, ಅದು ಅವಳಿಗೆ ಗೊತ್ತಿತ್ತು. ಆ ಹೊತ್ತು ದೇವರು ತನ್ನಿಂದ ದೂರವಿದ್ದಾನೆ ಎಂದು ಅವಳಿಗೆ ಅನ್ನಿಸಲೇ ಇಲ್ಲ.

ಅವರ ಮನೆಯಲ್ಲಿ ಊಟದ ಕೊನೆಗೆ ಮರೀನುಸ್ ಪ್ರಾರ್ಥಿಸುವಾಗ ಒಬ್ಬೊಬ್ಬರನ್ನೂ ಹೆಸರು ಹಿಡಿದು ದೇವರ ಮುಂದಿಟ್ಟು ಕ್ಷಮೆ ಕೇಳುತ್ತಿದ್ದ: ಮೊದಲು ಕೋಬಾ, ಆಮೇಲೆ ಲೀನಾ, ಕೊನೆಗೆ ತಾನು. ಆ ಮಧ್ಯಾಹ್ನ ಕೋಬಾಳ ಹೆಸರು ಬರಲಿಲ್ಲ. ಮರೆತನೇನೋ ಎಂದುಕೊಂಡಳು. ರಾತ್ರಿಯೂಟದಲ್ಲೂ ಬರಲಿಲ್ಲ.

‘ನನ್ನನ್ನ ಬಿಟ್ಟಿರಲ್ಲ?’ ಎಂದು ಕೇಳಿದಳು, ಮರುದಿನ ತೋಟದಲ್ಲಿ.

‘ನಿನಗೆ ಪಶ್ಚಾತ್ತಾಪ ಇದೆಯಾ?’

‘ಇಲ್ಲ.’

‘ಇಲ್ಲದೆ ಇರೋದನ್ನ ನಾನು ಹೇಗೆ ಹೇಳ್ಲಿ ಅವನ ಹತ್ರ? ತಪ್ಪಾಯ್ತು ಅಂತ ಒಂದು ಮಾತು ಹೇಳು ಕೋಬಾ. ಈ ಹೊತ್ತೇ ನಿನ್ನ ಹೆಸರು ಹೇಳ್ತೀನಿ.’ ಅವನ ದನಿ ಬೇಡುವವನದಾಗಿತ್ತು. ದಂಡಿಸುವ ಗಂಡನಾಗಿದ್ದರೆ ಅವಳು ಜಗಳವಾಡುತ್ತಿದ್ದಳು.

‘ಹೇಳಿದ್ರೆ ಸುಳ್ಳಾಗುತ್ತೆ. ಬರೋ ಭಾನುವಾರವೂ ಎತ್ತೋಳೇ ನಾನು.’

ಎತ್ತಿದಳು. ಮಳೆ ಬೀಳುವವರೆಗೂ ಪ್ರತಿ ಭಾನುವಾರ ಎತ್ತಿದಳು. ಮರಗಳು ಬದುಕಿದವು, ಎಲೆ ಬಿಡಿಸಿಕೊಂಡು ಹೊಸ ಚಿಗುರು ಹಾಕಿದವು. ಮರೀನುಸ್ ಆ ಮರಗಳ ಒಣರೆಂಬೆ ಸವರಿದ, ಕಳೆ ಕಿತ್ತ, ಆದರೆ ಭಾನುವಾರದ ನೀರಿಗೆ ಬಲಿತ ಒಂದು ಕಾಯನ್ನೂ ಮುಟ್ಟಲಿಲ್ಲ.

ಜನವರಿಯ ಸಭೆಯಲ್ಲಿ ವಾರ ಬದಲಾಯಿಸಿಕೊಡಿ ಎಂದು ಅವನು ಟೋಪಿ ಕೈಯಲ್ಲಿ ಹಿಡಿದು ಕೇಳಿಕೊಂಡ. ಕಸಿಲ್ದಾ ಒಪ್ಪಿ ಕೈಯೆತ್ತಿದಳು. ದಮಿಯಾನ್ ಎದ್ದು ನಿಂತ. ‘ಬೇಸಿಗೆ ಶುರುವಲ್ಲಿ ಅವರು ಬಿಟ್ಟ ನೀರು ನಂಬಿ ನಾನು ಹೊಸ ಸಸಿ ನೆಟ್ಟಿದ್ದೀನಿ. ನಾನಂತೂ ಒಪ್ಪಲ್ಲ. ಭಾನುವಾರ ಬೇಡ ಅಂದ್ರೆ ತೋಟ ನನಗೇ ಮಾರಿ ಹೋಗಲಿ.’ ಒಬ್ಬನು ಒಪ್ಪದಿದ್ದರೂ ಸರದಿ ಕದಲುವುದಿಲ್ಲ.

‘ಕೊಟ್ಟುಬಿಡೋಣ’ ಎಂದ ಮರೀನುಸ್ ಮನೆಗೆ ಬಂದು. ‘ನೀನು ಎತ್ತೋದನ್ನ ನೋಡ್ಕೊಂಡು ನಾನು ಇನ್ನೊಂದು ಬೇಸಿಗೆ ಓದಲಾರೆ. ಕೇಳದೆ ಕೊಂಡವನು ನಾನು. ನಿನ್ನನ್ನ ಆ ತೂಬಿನ ಮುಂದೆ ನಿಲ್ಲಿಸಿದವನೂ ನಾನೇ.’

ಅವಳು ಬೇಡವೆನ್ನಲಿಲ್ಲ. ತೋಟ ಉಳಿಸಲು ಅವಳು ಹಲಗೆ ಎತ್ತಿದ್ದಳು. ಈಗ ತೋಟವೇ ಇಲ್ಲವಾಗುತ್ತಿದೆ. ಇನ್ನು ತಪ್ಪಾಯಿತು ಎನ್ನಲು ಏನು ಕಷ್ಟ ಎಂದು ತನ್ನನ್ನೇ ಕೇಳಿಕೊಂಡಳು. ಬಾಯಿ ತೆರೆದಾಗಲೆಲ್ಲ ಆ ಮಣ್ಣು ನೀರು ಕುಡಿದ ಸದ್ದು ಕಿವಿಗೆ ಬರುತ್ತಿತ್ತು. ಮಾತು ಅಲ್ಲೇ ನಿಲ್ಲುತ್ತಿತ್ತು.

ಈಗ ಅವರು ಝೀಲಂಡಿನಲ್ಲಿ, ಒಂದು ಬೇಕರಿಯ ಮೇಲಿನ ಬಾಡಿಗೆ ಕೋಣೆಗಳಲ್ಲಿದ್ದಾರೆ. ಮರೀನುಸ್ ಅಣ್ಣನ ಹೊಲದಲ್ಲಿ ಕೂಲಿಗೆ ಹೋಗುತ್ತಾನೆ. ಲೀನಾಳ ಉಬ್ಬಸ ಮರಳಿ ಬಂದಿದೆ. ಗಂಡ ಹೆಂಡಿರಲ್ಲಿ ಗಡುಸು ಮಾತಿಲ್ಲ. ಅವಳ ಕಾಲು ತಣ್ಣಗಾದರೆ ಅವನೇ ಕಂಬಳಿ ಹೊದಿಸುತ್ತಾನೆ. ಊಟದ ಕೊನೆಗೆ ಮೂವರೂ ಕಣ್ಣು ಮುಚ್ಚುತ್ತಾರೆ. ಅವನು ಪ್ರಾರ್ಥನೆ ಶುರುಮಾಡಿ, ಹೆಸರುಗಳ ಜಾಗಕ್ಕೆ ಬಂದಾಗ, ಒಂದು ಹೆಸರು ಹೇಳುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾನೆ. ಆಮೇಲೆ ಲೀನಾ ಎನ್ನುತ್ತಾನೆ. ಆಮೇಲೆ ತನ್ನನ್ನು ಹೇಳಿಕೊಳ್ಳುತ್ತಾನೆ.

ಆ ನಿಲ್ಲುವ ಹೊತ್ತನ್ನು ಅವನು ಒಂದು ದಿನವೂ ತಪ್ಪಿಸಿಲ್ಲ. ಕೋಬಾ ಅದನ್ನು ಉಸಿರು ಹಿಡಿದು ಕಾಯುತ್ತಾಳೆ. ಅದು ಮುಗಿದ ಮೇಲೆ, ಎಲ್ಲರಿಗಿಂತ ಮೆಲ್ಲಗೆ ಆಮೆನ್ ಎನ್ನುತ್ತಾಳೆ.