ಶಿವಕುಮಾರಿ ಕಾಲು ಕೊಡಲಿಲ್ಲ

ಮುಂಬಯಿಯ ಬೈಕುಲ್ಲಾದ ಕನ್ನಡ ಕ್ರೈಸ್ತ ಸಭೆಯಲ್ಲಿ ಶಿವಕುಮಾರಿಯ ನಾಲಿಗೆಗೆ ಹೆದರದವರಿರಲಿಲ್ಲ. ಚಾಳಿನ ನಲ್ಲಿಯ ಮುಂದೆ ಒಂದು ಕೊಡ ಹಿಂದುಮುಂದಾದರೂ ಎದುರಿನವರ ಮೂರು ತಲೆಮಾರನ್ನು ಜಾಲಾಡಿಬಿಡುತ್ತಿದ್ದಳು. ಒಮ್ಮೆ ಹಾಗೆ ಬೈದ ಮೇಲೆ ಪಕ್ಕದ ಖೋಲಿಯ ಬಾಣಂತಿ ಬಾಗಿಲು ಹಾಕಿಕೊಂಡು ಅತ್ತದ್ದು ಅವಳಿಗೆ ಕೇಳಿಸಿತು. ಆ ವರ್ಷ ಶ್ರಮೆಕಾಲ ಬಂದಾಗ, ಈಸ್ಟರಿಗೆ ಮುಂಚಿನ ನಲವತ್ತು ದಿನವೂ ಮಧ್ಯಾಹ್ನದವರೆಗೆ ಮಾತಾಡುವುದಿಲ್ಲವೆಂದು ಪ್ರಾರ್ಥನೆಯಲ್ಲಿ ಮಾತು ಕೊಟ್ಟಳು.

ಮೂರನೆಯ ದಿನವೇ ಸೋತಳು. ಲೋಕಲ್ ರೈಲಿನಲ್ಲಿ ಕಾಲು ತುಳಿದವಳಿಗೆ ದಾದರಿನಿಂದ ಘಾಟ್ಕೋಪರಿನವರೆಗೆ ಬೈದಳು. ಮರುದಿನ ಮತ್ತೆ ಶುರು ಮಾಡಿದಳು. ಈಗ ಇದು ಮೂರನೆಯ ವರ್ಷ. ನಸುಕಿನ ಪ್ರಾರ್ಥನೆ, ಶುಕ್ರವಾರದ ಉಪವಾಸ, ಅರ್ಧ ದಿನದ ಮೌನ. ತನ್ನ ಮಾತು ನಿಂತ ಮೇಲೆ ಅವಳಿಗೆ ಬೇರೆಯವರದು ಕೇಳಿಸತೊಡಗಿತ್ತು. ಹಾಗೆ ಕೇಳಿಸಿದ್ದೇ ಮೆಟ್ಟಿಲ ಮೇಲೆ ಕಸ್ತೂರಿಬಾಯಿ ಏದುಸಿರು ಬಿಡುವ ಸದ್ದು.

ಇಬ್ಬರೂ ಘಾಟ್ಕೋಪರಿನ ಹದಿನಾಲ್ಕು ಮಹಡಿಯ ಒಂದು ಬಿಲ್ಡಿಂಗಿನಲ್ಲಿ ಗುಡಿಸಿ ಒರೆಸುವ ಕೆಲಸದವರು, ಒಂದೇ ಸಭೆಯವರು. ಕಸ್ತೂರಿಬಾಯಿಗೆ ಅರವತ್ತು ದಾಟಿತ್ತು. ಕೆಲಸದವರಿಗೆಂದು ಇದ್ದ ಸರ್ವಿಸ್ ಲಿಫ್ಟ್ ಕೆಟ್ಟು ನಾಲ್ಕು ತಿಂಗಳಾಗಿತ್ತು. ದೊಡ್ಡ ಲಿಫ್ಟಿನಲ್ಲಿ ಅವರು ಕಾಲಿಡುವಂತಿರಲಿಲ್ಲ. ಹಾಗೆಂದು ಬೋರ್ಡೇ ಇತ್ತು. ಸಫಾಯಿ ಕಾಂಟ್ರಾಕ್ಟರು ಶಾಂತಪ್ಪ. ಸಭೆಯ ಹಿರಿಯನೂ ಅವನೇ, ಬುಧವಾರ ಸಂಜೆ ಆತ್ಮಿಕ ಶಿಸ್ತಿನ ತರಗತಿ ನಡೆಸುವವನೂ ಅವನೇ.

ಒಂದು ದಿನ ಹನ್ನೆರಡು ಹೊಡೆದು ಮೌನ ಮುಗಿದ ಮೇಲೆ ಶಿವಕುಮಾರಿ ಅವನ ಮುಂದೆ ನಿಂತಳು.

"ಅಣ್ಣಾರ, ಕಸ್ತೂರಿ ದೊಡ್ಡವ್ವಗ ಮೊಣಕಾಲು ಭಾಳ ನೋಯ್ತಾವ. ಸರ್ವಿಸ್ ಲಿಫ್ಟ್ ಸುದಾರ್ಸೂ ತನಕ ದೊಡ್ಡ ಲಿಫ್ಟಿನಾಗ ಹೋಗ್ಲಿ ಅಂತ ಬಿಲ್ಡಿಂಗಿನ ಕಮಿಟಿಗೆ ಒಂದು ಮಾತು ಹೇಳ್ರಿ."

"ಕಮಿಟಿಯವರು ಒಪ್ಪಂಗಿಲ್ಲ."

"ಕೇಳಿ ನೋಡೀರೇನ್ರಿ?"

ಕೇಳಿರಲಿಲ್ಲ. ಶಾಂತಪ್ಪ ತರಗತಿಯ ದನಿ ತೆಗೆದ. "ಇದು ಶ್ರಮೆಕಾಲ ಅದ, ಶಿವಕುಮಾರಿ. ಸ್ವಾಮಿ ಶಿಲುಬಿ ಹೊತ್ತು ಗುಡ್ಡ ಏರಿದ. ನಾವು ನಾಕು ಮೆಟ್ಲಾ ಏರಿದ್ರ ಏನಾತು? ಇದನ್ನೂ ಒಂದು ಸಾಧನಿ ಅನ್ಕೋರಿ. ನೀ ಮೌನ ಹಿಡ್ದಿ, ಚಲೋ ಮಾಡ್ದಿ. ಹಂಗೇ ಇರು."

ಹೀಗೆ ಹೇಳಿ ಅವನು ದೊಡ್ಡ ಲಿಫ್ಟಿನ ಗುಂಡಿ ಒತ್ತಿ ಮೇಲೆ ಹೋದ.

ಶಿವಕುಮಾರಿಗೆ ಮೈಯೆಲ್ಲ ಉರಿಯಿತು. ಆದರೂ ಒಂದು ವಾರ ತಡೆದಳು. ಇದು ತನ್ನ ಹಳೆಯ ಸಿಟ್ಟೇ ಇರಬಹುದೆಂಬ ಅನುಮಾನ. ನಸುಕಿನಲ್ಲಿ ಮೊಣಕಾಲೂರಿ ಅದನ್ನೇ ತಿರುವಿಹಾಕಿದಳು. ಹಳೆಯ ಸಿಟ್ಟಿಗೆ ಎದುರಿನವರು ಅಳಬೇಕಿತ್ತು. ಈ ಸಿಟ್ಟಿಗೆ ಯಾರ ಕಣ್ಣೀರೂ ಬೇಕಿರಲಿಲ್ಲ, ಲಿಫ್ಟಿನ ಬಾಗಿಲು ತೆರೆದರೆ ಸಾಕಿತ್ತು. ಉಪವಾಸದ ದಿನವೂ ಅದು ಆರಲಿಲ್ಲ.

ಅಷ್ಟರಲ್ಲಿ ಸೋಮವಾರ ಕಸ್ತೂರಿಬಾಯಿ ಒಂಬತ್ತನೆಯ ಮಹಡಿಯ ಮೆಟ್ಟಿಲಿನಿಂದ ಬಕೆಟ್ ಸಮೇತ ಉರುಳಿದಳು. ಮೂಳೆ ಮುರಿಯಲಿಲ್ಲ, ಪಾದ ಮಾತ್ರ ಕುಂಬಳದಂತೆ ಊದಿತು. ಪ್ರಾರ್ಥನೆ ಮಾಡುತ್ತೇನೆ ಎಂದು ಶಾಂತಪ್ಪ ಫೋನಿನಲ್ಲಿ ಹೇಳಿದ.

ಆ ವಾರದ ಗುರುವಾರ ಸಂಜೆ, ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ, ಸಭೆಯಲ್ಲಿ ಹನ್ನೆರಡು ಮಂದಿಯ ಪಾದ ತೊಳೆಯುವ ಆರಾಧನೆ. ಆರು ಮಂದಿಯ ಪಾದ ಪಾಸ್ಟರ್ ಅನಿಲಕುಮಾರ ತೊಳೆದರು. ಉಳಿದ ಆರು ಶಾಂತಪ್ಪನ ಪಾಲಿಗೆ. ಆ ಬಿಲ್ಡಿಂಗಿನ ತನ್ನ ಕೆಲಸದ ಹೆಂಗಸರನ್ನೇ ಅವನು ಆರಿಸಿಕೊಂಡಿದ್ದ. ಯಾರೋ ಫೋಟೋ ತೆಗೆಯುತ್ತಿದ್ದರು. ಕಸ್ತೂರಿಬಾಯಿಯ ಊದಿದ ಪಾದವನ್ನು ಅವನು ಎತ್ತಿದಾಗ ಮುದುಕಿ ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಅವನು ನೀರು ಹೊಯ್ದ, ಒರೆಸಿದ, ಪಕ್ಕದ ಕುರ್ಚಿಯ ಮುಂದೆ ಸರಿದ.

ಶಿವಕುಮಾರಿ ಕಾಲು ಹಿಂದೆಳೆದುಕೊಂಡಳು. "ಬ್ಯಾಡ್ರಿ, ಅಣ್ಣಾರ."

"ಕೊಡವ್ವಾ, ಸ್ವಾಮಿಗೆ ಕಾಲು ಕೊಡಾಕ ಒಲ್ಲೆ ಅಂದ ಪೇತ್ರನಂಗ ಹಟ ಮಾಡಬ್ಯಾಡ," ಎಂದ. ಸಭೆ ನಕ್ಕಿತು.

ಅವಳು ಎದ್ದು ನಿಂತಳು. ನಾಲಿಗೆಯ ತುದಿಗೆ ಬಂದ ನಾಲ್ಕು ಬೈಗುಳವನ್ನು ನುಂಗಿದಳು. ಆಮೇಲೆ ಬಂದ ದನಿ ಅವಳಿಗೇ ಹೊಸದು.

"ಈಗ ನಿಮ್ಮ ಕೈಯಾಗಿದ್ದ ಕಾಲು ನಿಮ್ಮ ಕೆಲಸದಾಗೇ ಬಿದ್ದು ಊದ್ಯದ. ಲಿಫ್ಟ್ ಕೇಳಿದ್ರ ಸಾಧನಿ ಅನ್ಕೋ ಅಂದ್ರಿ. ನೀವು ಮಾತ್ರ ಲಿಫ್ಟಿನಾಗ ಹೋದ್ರಿ. ಸ್ವಾಮಿ ಶಿಲುಬಿ ತಾನೇ ಹೊತ್ತ, ಅಣ್ಣಾರ, ಮುದುಕಿ ಹೆಗಲಿಗೆ ದಾಟಸಲಿಲ್ಲ. ನಮ್ಮ ಕಾಲು ನಾವೇ ತೊಳ್ಕೋತೀವಿ. ನೀವು ಆ ಲಿಫ್ಟಿನ ಬಾಗಲಾ ತಗಸ್ರಿ."

"ಮೂರು ವರ್ಷದ ಮೌನದ ಸಾಧನಿ ಒಂದೇ ದಿನಕ್ಕ ಹಾಳ ಮಾಡ್ಕೊಂಡಿ," ಎಂದ ಶಾಂತಪ್ಪ.

"ಹಿರಿಯರೇ," ಎಂದರು ಪಾಸ್ಟರ್, "ಆಕಿ ಹೇಳಿದ್ದು ಖರೇನಾ?"

ಶಾಂತಪ್ಪ ಟವೆಲನ್ನು ಕುರ್ಚಿಗೆ ಎಸೆದು ಹೊರಗೆ ಹೋದ.

ಶನಿವಾರ ಶಿವಕುಮಾರಿಗೆ ಫೋನ್ ಬಂತು: ಸೋಮವಾರದಿಂದ ಕೆಲಸಕ್ಕೆ ಬರಬೇಡ. ಈಸ್ಟರ್ ಆರಾಧನೆ ಮುಗಿದ ಮೇಲೆ ಕಸ್ತೂರಿಬಾಯಿ ಕುಂಟುತ್ತ ಬಂದು ಉಳಿದ ನಾಲ್ವರು ಹೆಂಗಸರನ್ನು ಕೂಡಿಸಿದಳು. "ಇಕಿ ಇಲ್ದ ಬಿಲ್ಡಿಂಗಿಗೆ ನಾವೂ ಹೋಗೂದು ಬ್ಯಾಡ," ಎಂದಳು. ಯಾರೂ ಹೋಗಲಿಲ್ಲ. ಮೂರು ದಿನಕ್ಕೆ ಹದಿನಾಲ್ಕೂ ಮಹಡಿಯಲ್ಲಿ ಕಸದ ಬುಟ್ಟಿಗಳು ತುಂಬಿ ನಾರತೊಡಗಿದವು. ನಾಲ್ಕು ತಿಂಗಳಿಂದ ಸಿಗದಿದ್ದ ಮೆಕ್ಯಾನಿಕ್ ನಾಲ್ಕನೆಯ ದಿನವೇ ಸಿಕ್ಕ! ಸರ್ವಿಸ್ ಲಿಫ್ಟ್ ಓಡಿತು. ಆರೂ ಮಂದಿಯನ್ನು ಕೆಲಸಕ್ಕೆ ಕರೆದರು.

ಮುಂದಿನ ಭಾನುವಾರ ಶಾಂತಪ್ಪ ಎದ್ದು ಸಾಕ್ಷಿ ಹೇಳಿದ: ತನ್ನ ಪ್ರಾರ್ಥನೆ ಕೇಳಿ ಕರ್ತನು ಲಿಫ್ಟ್ ಸರಿಮಾಡಿದನಂತೆ. ಶಿವಕುಮಾರಿ ಎದ್ದು ಕೂಗಲಿಲ್ಲ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಅವನನ್ನು ನಿಲ್ಲಿಸಿದಳು.

"ಅಣ್ಣಾರ, ದೊಡ್ಡವ್ವಗ ನೀವು ಕ್ಷಮಾ ಕೇಳೂದು ಉಳಿದದ."

ಅವನು ಕೇಳಿಸದವನಂತೆ ಚಪ್ಪಲಿ ಮೆಟ್ಟಿ ಹೋದ. ಮರುವಾರವೂ ಅದೇ ಮಾತು ಹೇಳಿದಳು, ಅದರ ಮರುವಾರವೂ. ಇದು ಐದನೆಯ ಭಾನುವಾರ. ಒಂದು ಸಲವೂ ಅವಳ ದನಿ ಏರಿಲ್ಲ. ಶಾಂತಪ್ಪ ಇತ್ತೀಚೆಗೆ ಹಿಂದಿನ ಬಾಗಿಲಿನಿಂದ ಹೋಗುತ್ತಾನೆ. ಶಿವಕುಮಾರಿ ಅಲ್ಲಿಯೂ ನಿಂತಿರುತ್ತಾಳೆ.